ಹುರುಳಿ ಮೇಲೆ ಕಲಿತ ಡ್ರೈವಿಂಗು

"ಹುಳ್ಳಿ ಮ್ಯಾಲೆ ಗಂಡಸ್ರೇ ಜಾರ್ತಾರೆ, ನಿನ್ ಕೈಲಾಗಕಿಲ್ಲ ಕಣಮ್ಮಿ, ಇಳಿ!" ಎಂದಿದ್ದರು ಸೋದರಮಾವ. ಕಲ್ಯ ಊರಿನ ರಸ್ತೆಯಲ್ಲಿ ಒಕ್ಕಣೆಗೆ ಹುರುಳಿ ಗಿಡ ಹಾಸಿದ್ದರು. ನಾನು ಅವರ ವ್ಯಾನಿನಲ್ಲಿ ಡ್ರೈವಿಂಗ್ ಕಲಿಯುತ್ತಿದ್ದೆ. ಇಳಿಯಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಚನ್ನಪಟ್ಟಣದ ಬೊಂಬೆ ಮಾರಲು ಒಂದು ಚಳಿ ದೇಶಕ್ಕೆ ಹೋದೆ. ರಸ್ತೆಯೆಲ್ಲ ಹಿಮ. ಸಂಜೆಯೊಳಗೆ ಪಕ್ಕದೂರಿನ ಮೇಳ ಮುಟ್ಟದಿದ್ದರೆ ನನ್ನ ಮಳಿಗೆ ಬೇರೆಯವರ ಪಾಲು. ಬಾಡಿಗೆ ಕಾರಿನವನು ಕೀ ಕೊಡಲು ಹಿಂಜರಿದ.

"ಹಿಮದ ಮೇಲೆ ಓಡಿಸಿದ್ದೀರಾ?"

"ಇಲ್ಲ, ಹುರುಳಿ ಮೇಲೆ ಓಡಿಸಿದ್ದೀನಿ. ಕುದುರೆ ತಿನ್ನೋ ಕಾಳು."

"ನಿಮ್ಮಲ್ಲಿ ಕುದುರೆಗೆ ರಸ್ತೇಲಿ ಊಟ ಹಾಕ್ತಾರಾ?"

"ಕಾಳು ಉದುರಲಿ ಅಂತ ಹಾಸ್ತಾರಪ್ಪ. ಗಾಡಿ ಜಾರುತ್ತೆ. ಮೊದಲೇ ನಿಧಾನ ಮಾಡ್ಕೋಬೇಕು, ಜಾರಿದ ಮೇಲೆ ಬ್ರೇಕ್ ತುಳೀಬಾರದು."

ಅವನು ನಗುತ್ತಾ ಕೀ ಕೊಟ್ಟ.

ಒಂದು ತಿರುವಿನಲ್ಲಿ ಕಾರು ಜಾರಿಯೇ ಬಿಟ್ಟಿತು. ಕಾಲು ಬ್ರೇಕಿನತ್ತ ಓಡಿತು. ಮಾವನ "ಇಳಿ!" ಕಿವಿಯಲ್ಲಿ ಕೇಳಿಸಿತು. ಕಾಲು ಹಿಂದಕ್ಕೆಳೆದು, ಸ್ಟೇರಿಂಗ್ ಮೆಲ್ಲಗೆ ತಿರುಗಿಸಿದೆ. ಮೇಳ ಮುಟ್ಟಿದೆ.

ಈಗ ಆ ರಸ್ತೆಗೆ ಹುರುಳಿ ಹಾಸುವವರು ಕಡಿಮೆ. ಚಕ್ರದಡಿಯ ಆ ಚರಚರ ಸದ್ದು ಇನ್ನೂ ಕಿವಿಯಲ್ಲಿದೆ. ನನ್ನ ಹೆಸರಿನಲ್ಲಿ ಎರಡು ವ್ಯಾನುಗಳಿವೆ. ಅವಕ್ಕೆ ತೆತ್ತ ಬೆಲೆ ಮಾವ: ಮೊದಲನೆಯದನ್ನು ಕೊಂಡ ದಿನವೇ ಅವರು ನನ್ನ ಜೊತೆ ಮಾತು ಬಿಟ್ಟರು. ಅದೇ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿರುತ್ತಾರೆ. ಅವರು ಕೈ ಅಡ್ಡ ಹಾಕುವುದಿಲ್ಲ, ನಾನು ಬ್ರೇಕ್ ತುಳಿಯುವುದಿಲ್ಲ.