ನನ್ನ ಖಾನಾ ಯಾವುದು?

ನಿಮ್ಮ ಸೊಸೆ ಹತ್ತು ಜನರ ಮುಂದೆ ನಿಮ್ಮ ಮುಖಕ್ಕೇ "ಇಲ್ಲ" ಅಂದರೆ ನೀವೇನು ಮಾಡುತ್ತೀರಿ? ಹೇಳಿ, ನಾಚಬೇಡಿ. ಮಾತು ಬಿಡುತ್ತೀರಾ? ಹೆಣ್ಣುಮಕ್ಕಳಿಗೆಲ್ಲ ಫೋನ್ ಹಚ್ಚಿ ಅಳುತ್ತೀರಾ? ನಾನಂತೂ ಪೇಢೆ ಹಂಚಿದೆ. ಹುಮನಾಬಾದಿನ ಬಸ್ ಸ್ಟ್ಯಾಂಡಿನಲ್ಲಿ ನಿಂತು, ಗುರುತಿಲ್ಲದವರಿಗೂ ಕೊಟ್ಟೆ. ಒಬ್ಬ ಕಂಡಕ್ಟರ್ ಪೇಢೆ ಬಾಯಿಗೆ ಹಾಕಿಕೊಳ್ಳುತ್ತ, "ಮಮ್ಮಗ ಹುಟ್ಯಾನೇನ್ರಿ ಅಮ್ಮಾ?" ಅಂದ.

"ಇಲ್ಲಪ್ಪ, ಸೊಸಿಗಿ ಬಾಯಿ ಬಂತು" ಅಂದೆ.

ಅವನಿಗೆ ಏನೂ ತಿಳಿಯಲಿಲ್ಲ. ನಿಮಗೆ ತಿಳಿಯಬೇಕಾದರೆ ಸ್ವಲ್ಪ ಹಿಂದಿನಿಂದ ಹೇಳಬೇಕು.

ನಮ್ಮ ಮನೆ ಬಸವಕಲ್ಯಾಣದಲ್ಲಿ. ಮನೆಯಲ್ಲಿ ನಾನು, ಮಗ, ಸೊಸೆ. ಮೊಮ್ಮಗಳು ಬೀದರಿನಲ್ಲಿ ಓದುತ್ತಾಳೆ. ಸೊಸೆ ನಮ್ಮ ಮನೆಗೆ ಬಂದಾಗ ಬಿ.ಕಾಂ. ನಡುವೆಯೇ ಬಿಟ್ಟು ಬಂದವಳು. ಪುಸ್ತಕಗಳನ್ನು ಟ್ರಂಕಿನ ತಳದಲ್ಲಿ ಹಾಕಿಕೊಂಡು ಬಂದಿದ್ದಳು, ಮೇಲೆ ಸೀರೆಗಳು. ಈಗ ನಲವತ್ತು ದಾಟಿದ್ದಾಳೆ. ನಾನು ಏನು ಹೇಳಿದರೂ ಅವಳದು ಒಂದೇ ಉತ್ತರ: "ಹೂಂ ಅತ್ತಿ." ಸಾರಿಗೆ ಉಪ್ಪು ಹೆಚ್ಚಾಯಿತು ಅಂದರೂ ಹೂಂ, ಕಡಿಮೆಯಾಯಿತು ಅಂದರೂ ಹೂಂ. ಒಮ್ಮೆ ಪರೀಕ್ಷೆ ಮಾಡಿಯೇ ಬಿಡೋಣ ಅಂತ, "ಇವತ್ತ ಸೂರ್ಯ ಉಮರ್ಗಾ ಕಡಿಂದ ಹುಟ್ಯಾನ ನೋಡು" ಅಂದೆ. ಉಮರ್ಗಾ ನಮಗೆ ಪಡುವಣಕ್ಕೆ. ಅವಳು ಹಿಟ್ಟು ಸಾಣಿಸುತ್ತಲೇ, "ಹೂಂ ಅತ್ತಿ, ನೋಡ್ದೆ" ಅಂದಳು.

ಇಂಥವಳು ಕಲಿಯಲು ಹೊರಟದ್ದಕ್ಕೆ ಕಾರಣ ನನ್ನ ಬ್ಯಾಂಕಿನ ಠೇವಣಿ. ಅದರ ಬಡ್ಡಿಯಲ್ಲಿ ಬ್ಯಾಂಕಿನವರು ತೆರಿಗೆ ಅಂತ ಹಿಡಿದುಕೊಂಡಿದ್ದರು. ವಾಪಸ್ ಬೇಕಾದರೆ ರಿಟರ್ನ್ ತುಂಬಬೇಕು ಅಂದರು. ರಿಟರ್ನ್ ಅಂದರೆ ನನಗೆ ಗೊತ್ತಿದ್ದದ್ದು ಬಸ್ಸಿನದೊಂದೇ. ಪೇಟೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕುಳಿತ ಒಬ್ಬನ ಹತ್ತಿರ ಇಬ್ಬರೂ ಹೋದೆವು. ಅವನು ಪರದೆಯನ್ನು ಗೋಡೆ ಕಡೆ ತಿರುಗಿಸಿಕೊಂಡು ಟಕಟಕ ಒತ್ತುತ್ತಿದ್ದ. ಸೊಸೆ ಮೆಲ್ಲಗೆ, "ಏನ್ ಬರಿಯಾಕತ್ತೀರ್ರಿ?" ಅಂದಳು.

"ನಿಮಗ ತಿಳಿಯಂಗಿಲ್ರಿ ಬಾಯೋರ. ಆಧಾರ್ ಕೊಟ್ಟು ಕೂಡ್ರಿ."

ಸೊಸೆ "ಹೂಂ" ಅಂದಳು. ಅವಳ ಹೂಂಗಳನ್ನು ಕೇಳಿ ಕೇಳಿ ನನ್ನ ಕಿವಿ ಪಳಗಿದೆ. ಇದು ಬೇರೆ ಹೂಂ.

ಕೆಲವು ದಿನಗಳ ನಂತರ ಊಟ ಬಡಿಸುತ್ತ, "ನಾ ಹುಮನಾಬಾದಕ್ಕ ಟ್ಯಾಕ್ಸ್ ಕ್ಲಾಸಿಗಿ ಹೋಗ್ತೀನಿ" ಅಂದಳು. ಮಗನ ಕೈಯ ತುತ್ತು ಅಲ್ಲೇ ನಿಂತಿತು. ನಾನು, "ಈ ವಯಸ್ಸಿನ್ಯಾಗೇನ?" ಅಂದೆ.

"ಹೂಂ ಅತ್ತಿ."

ಹೂಂ ಅಂದವಳ ಜೊತೆ ಜಗಳ ಹೇಗೆ ಆಡುವುದು? ಮುಗಿಯಿತು.

ಕ್ಲಾಸು ಹುಮನಾಬಾದಿನಲ್ಲಿ ಒಂದು ಟೈರ್ ಅಂಗಡಿಯ ಮಾಳಿಗೆಯ ಮೇಲೆ. ಕಲಿಸುವ ಸರ್ ಮುಸ್ಲಿಂ ಹಿರಿಯರು, ಬೇಳೆ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ಮುನೀಮರಾಗಿ ದುಡಿದು ಆಮೇಲೆ ತೆರಿಗೆಯ ಆಫೀಸು ತೆರೆದವರು. ಕಲಿಯುವವರೆಲ್ಲ ಈಗಷ್ಟೇ ಕಾಲೇಜು ಬಿಟ್ಟ ಹುಡುಗ ಹುಡುಗಿಯರು. ಮೊದಲ ದಿನ ಅವಳು ಒಳಗೆ ಕಾಲಿಟ್ಟಾಗ ಹುಡುಗರೆಲ್ಲ ಎದ್ದು ನಿಂತು "ಗುಡ್ ಮಾರ್ನಿಂಗ್ ಮೇಡಂ" ಅಂದರಂತೆ. ಇವಳು ಹಿಂದಿನ ಬೆಂಚಿಗೆ ಹೋಗಿ ಕುಳಿತ ಮೇಲೆಯೇ ಅವರಿಗೆ ಗೊತ್ತಾದದ್ದು, ಈ ಮೇಡಂ ನಮ್ಮ ಜೊತೆ ಕಲಿಯಲು ಬಂದವರು ಅಂತ.

ಬೆಳಗಿನ ಕೆಲಸ ಮುಗಿಸಿ ಬಸ್ಸು ಹಿಡಿಯುತ್ತಿದ್ದಳು. ಓದಲು ಬೇರೆ ಸಮಯ ಎಲ್ಲಿತ್ತು? ರೊಟ್ಟಿ ಬಡಿಯುವಾಗಲೇ ಓದು. ತೆರಿಗೆಯ ಕಾಯ್ದೆಯಲ್ಲಿ ಮನುಷ್ಯನ ಕೈಗೆ ಬರುವ ಹಣಕ್ಕೆಲ್ಲ ಐದೇ ಖಾನೆಗಳಂತೆ. ಯಾವ ಹಣ ಯಾವ ಖಾನೆಗೆ ಸೇರಬೇಕು ಅನ್ನುವುದೇ ಅರ್ಧ ವಿದ್ಯೆ. ಅವಳು ರೊಟ್ಟಿಗೆ ಒಂದೊಂದು ಏಟು ಹಾಕುತ್ತ ಹೇಳಿಕೊಳ್ಳುತ್ತಿದ್ದಳು: "ಪಗಾರ, ಮನಿ ಬಾಡಿಗಿ, ಧಂಧಾ, ಆಸ್ತಿ ಮಾರಿದ್ದು, ಇತರೆ." ರೊಟ್ಟಿ ತಿರುಗುತ್ತಿತ್ತು, ಮತ್ತೆ "ಪಗಾರ, ಮನಿ ಬಾಡಿಗಿ..." ಆ ದಿನಗಳಲ್ಲಿ ನಮ್ಮ ಮನೆಯ ರೊಟ್ಟಿ ಎಷ್ಟು ತೆಳ್ಳಗೆ, ಎಷ್ಟು ದುಂಡಗೆ ಬರುತ್ತಿತ್ತು ಅಂತೀರಿ! ಬಾಗಿಲ ಬಳಿ ಕುಳಿತ ನನಗೂ ಐದೂ ಖಾನೆ ಬಾಯಿಪಾಠವಾದವು.

ನಾನು ಫೋನಿನಲ್ಲಿ ಬರೆಯಲು ಕಲಿತದ್ದೂ ಆಗಲೇ. ಕ್ಲಾಸಿನಲ್ಲಿ ಫೋನ್ ಬಾರಿಸುವಂತಿಲ್ಲ. ನಾನೋ, ಬೆಲ್ಲ ಸಿಗದಿದ್ದರೂ ಫೋನ್ ಹಚ್ಚುವವಳು. ಅವಳೇ ಪಕ್ಕ ಕುಳಿತು, ನನ್ನ ಬೆರಳು ಹಿಡಿದು, ಒತ್ತಕ್ಷರ ಎಲ್ಲಿ ಅಡಗಿರುತ್ತದೆ ಅಂತ ತೋರಿಸಿಕೊಟ್ಟಳು. ನನ್ನ ಮೊದಲ ಸಂದೇಶ "ಇಂಗು ಎಲ್ಲಿ ಅದ" ಅಂತ ಇರಬೇಕಿತ್ತು. ಹೋದದ್ದು "ಇಂದು ಎಲ್ಲಿ ಅದ" ಅಂತ. ಅದಕ್ಕೂ ಉತ್ತರ ಬಂತು: "ಹೂಂ ಅತ್ತಿ."

ಒಂದು ದಿನ ನನ್ನ ತಲೆ ಬಾಚುತ್ತ ಅವಳೇ ಮಾತು ತೆಗೆದಳು. "ಸರ್ ಆಫೀಸಿನ್ಯಾಗ ಕಿಟಕಿ ಬಾಜು ಒಂದ್ ಕುರ್ಚಿ ಅದ ಅತ್ತಿ. ಸದ್ಯಕ್ಕ ಅದರ ಮ್ಯಾಲ ಸರ್ ಬ್ಯಾಗ್ ಇಡ್ತಾರ. ಕ್ಲಾಸ್ ಮುಗದ ಮ್ಯಾಲ ನಮ್ಮೊಳಗ ಒಬ್ಬರಿಗಿ ಆ ಕುರ್ಚಿ ಕೊಡ್ತಾರಂತ, ಪಗಾರ ಕೊಟ್ಟು." ಬಾಚಣಿಗೆ ನಿಂತಿತು. "ಅದು ನನಗ ಬೇಕು."

ಸೀರೆ ಅಂಗಡಿಯಲ್ಲಿ ಕೂಡ "ಯಾವುದಾದ್ರೂ ನಡೀತದ" ಅನ್ನುವವಳು ಅವಳು. ಅವಳ ಬಾಯಿಂದ "ನನಗ ಬೇಕು" ಅನ್ನುವ ಮಾತನ್ನು ನಾನು ಅದೇ ಮೊದಲು ಕೇಳಿದ್ದು.

ಕುರ್ಚಿಗೆ ಒಂದು ಪರೀಕ್ಷೆ ಇತ್ತು. ಪ್ರತಿಯೊಬ್ಬರೂ ನಿಜವಾದ ಒಬ್ಬ ಗಿರಾಕಿಯ ರಿಟರ್ನ್ ತಯಾರಿಸಿ ತರಬೇಕು. ಓಣಿಯ ಒಬ್ಬ ಮಾಸ್ತರರನ್ನು ಕೇಳಿದರೆ "ನೋಡೂಣು ಬಿಡ್ರಿ" ಅಂದರು. ಆಗ ನಾನೇ, "ಈ ವರ್ಷದ್ದು ನಂದೇ ಒಯ್ಯಿ" ಅಂದೆ. ನನ್ನ ಯಜಮಾನರು ಸರಕಾರಿ ಶಾಲೆಯ ಹೆಡ್ ಮಾಸ್ತರರು. ಅವರು ತೀರಿದ ಮೇಲೆ ಪಿಂಚಣಿಯಲ್ಲಿ ಒಂದು ಪಾಲು ನನಗೆ ಬರುತ್ತದೆ. ಅದು, ಠೇವಣಿಯ ಬಡ್ಡಿ, ಅಷ್ಟೇ ನನ್ನ ಸಂಪತ್ತು.

ಪಿಂಚಣಿ ಬರೆಯುವ ಜಾಗ ಬಂದಾಗ ಅವಳು, "ಇದು ಇತರೆ ಖಾನಾ ಅತ್ತಿ" ಅಂದಳು.

"ಏನಂದಿ? ಇತರೆ? ಅವರಿಗಿ ಬರತಿದ್ದಾಗ ಯಾವ ಖಾನಾ?"

"ಪಗಾರದ ಖಾನಾ."

"ರಿಯಾಯಿತಿ ಯಾವುದರಾಗ ಹೆಚ್ಚ ಅದ?"

"ಪಗಾರದಾಗ."

"ಹಂಗಾದ್ರ ಪಗಾರದಾಗೇ ಬರಿ. ಅವರಿಗಿ ಪಗಾರ ಆದದ್ದು ನನಗ ಇತರೆ ಹ್ಯಾಂಗ ಆಗ್ತದ? ನಾ ಏನ್ ಇತರೆ ಹೆಂಡತಿಯೇನು?"

ಅವಳು "ಹೂಂ ಅತ್ತಿ" ಅಂದು ಪಗಾರದ ಖಾನೆಯಲ್ಲೇ ಬರೆದಳು.

ಮರುದಿನ ಮಧ್ಯಾಹ್ನ ಸಂದೇಶ ಬಂತು: "ಖಾನಾ ತಪ್ಪಿತು. ಸರ್ ಸಿಟ್ಟಾಗ್ಯಾರ." ನಮ್ಮ ಕಡೆ ಖಾನಾ ಅಂದರೆ ಊಟವೂ ಹೌದು, ಫಾರಮ್ಮಿನ ಕಾಲಮ್ಮೂ ಹೌದು. ನನಗೆ ಹೊಳೆದದ್ದು ಊಟವೇ. ಕಷ್ಟಪಟ್ಟು ಹುಡುಕಿ ಹುಡುಕಿ ಒತ್ತಿದೆ: "ಡಬ್ಬಿ ಮರತಿಯೇನು. ಬಾಳಿಹಣ್ಣು ತಿನ್ನು. ಸರ್‌ಗೂ ಒಂದು ಕೊಡು."

ಸಂಜೆ ಮನೆಗೆ ಬಂದವಳ ಮುಖ ಇಷ್ಟು ಸಣ್ಣಗಾಗಿತ್ತು. ಚಹಾ ಕೊಟ್ಟು ಕೇಳಿದೆ. ಸರ್ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. "ಬೇಟಿ, ನಿನ್ನ ಲೆಕ್ಕ ಸಾಫ್ ಅದ. ಆದ್ರ ಗಿರಾಕಿ ಏನ್ ಅಂದ್ರ ಅದನ್ನೇ ಬರೀತಿ. ಹಂಗಿದ್ರ ಗಿರಾಕಿನೇ ಬಂದು ಕುರ್ಚಿ ಮ್ಯಾಲ ಕೂಡ್ಲಿ, ನೀ ಯಾಕ ಬೇಕು? ನಾಳಿ ನೋಟೀಸ್ ಬಂದ್ರ ಆ ಅಮ್ಮನ ಮನಿಗಿ ಬರ್ತದ, ನಿನಗ ಅಲ್ಲ." ಇನ್ನೊಂದೇ ಅವಕಾಶ ಕೊಟ್ಟಿದ್ದರು. ಬರುವ ಶನಿವಾರ ಅದೇ ಗಿರಾಕಿಯನ್ನು ಕರೆದುಕೊಂಡು ಬಂದು, ಎಲ್ಲರ ಎದುರಿಗೆ ಕೂಡಿಸಿ, ಸರಿಯಾಗಿ ಬರೆಯಬೇಕು.

ಶನಿವಾರ ಒಳ್ಳೆಯ ಸೀರೆ ಉಟ್ಟು ಹೊರಟೆ. ಹೆಂಗಸರಿಗೆ ಬಸ್ಸು ಪುಕ್ಕಟೆ. ಆಧಾರ್ ತೋರಿಸಿ ಸೊನ್ನೆ ಟಿಕೆಟ್ ತೆಗೆದುಕೊಂಡೆವು. ಸಸ್ತಾಪುರ ಬಂಗ್ಲಾ ದಾಟಿ ಹೈವೇ ಹಿಡಿದ ಮೇಲೆ ಅವಳು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದಳು. ತೊಡೆಯ ಮೇಲೆ ಕೈ ರೊಟ್ಟಿ ಬಡಿಯುತ್ತಿತ್ತು. ರಾಜೇಶ್ವರ ಬಂದಾಗ ನಾನು ಕೇಳಿದೆ: "ಅಲ್ಲಿ ನಾ ಸುಮ್ಮ ಕೂಡ್ಲೇನು?"

"ಹೂಂ ಅತ್ತಿ."

ನೋಡಿ, ಆ ಹೂಂ ನನಗೆ ಹಿಡಿಸಲಿಲ್ಲ. ನಾನು ಸುಮ್ಮನೆ ಕುಳಿತರೆ ಇವಳು ಪಾಸಾಗುವುದು ಯಾವುದರಲ್ಲಿ? ಲೆಕ್ಕ ಸಾಫ್ ಅಂತ ಸರ್ ಮೊದಲೇ ಹೇಳಿಯಾಗಿತ್ತು. ಜೊತೆಗೆ, ಸುಳ್ಳೇಕೆ, ಇತರೆ ಅನ್ನುವ ಮಾತು ನನಗಿನ್ನೂ ಚುಚ್ಚುತ್ತಲೇ ಇತ್ತು.

ಮಾಳಿಗೆಯ ಕೋಣೆಯಲ್ಲಿ ಎಲ್ಲರೂ ಗೋಡೆಗೆ ಒರಗಿ ಕುಳಿತಿದ್ದರು. ಸರ್ ಹಿಂದೆ ನಿಂತು, "ಆಯಿಯೇ ಅಮ್ಮಾ, ಬರ್ರಿ" ಅಂದರು. ಕಿಟಕಿಯ ಪಕ್ಕದ ಕುರ್ಚಿಯನ್ನು ನೋಡಿದೆ. ಹೌದು, ಅದರ ಮೇಲೆ ಕಂದು ಬಣ್ಣದ ಬ್ಯಾಗು. ಸೊಸೆ ಮೇಜಿನ ಆ ಕಡೆ, ನಾನು ಈ ಕಡೆ. ಅವಳು ಮೊದಲು ಮಾಡಿದ ಕೆಲಸ, ಪರದೆಯನ್ನು ನನ್ನ ಕಡೆ ತಿರುಗಿಸಿದ್ದು. "ನಾ ಏನ್ ಬರೀತೀನಿ ನೀವೂ ನೋಡ್ರಿ ಅಮ್ಮಾ" ಅಂದಳು. ಅತ್ತಿ ಅನ್ನಲಿಲ್ಲ, ಅಮ್ಮಾ ಅಂದಳು, ಅಂಗಡಿಗೆ ಬಂದವರಿಗೆ ಅನ್ನುವ ಹಾಗೆ. ಅವಸರವಿಲ್ಲದೆ ಒಂದೊಂದೇ ಕೇಳಿ, ಮೊದಲು ಕಾಗದದ ಮೇಲೆ ಬರೆದುಕೊಂಡು, ಆಮೇಲೆ ಪರದೆಗೆ ಏರಿಸುತ್ತ ಹೋದಳು. ನನಗೆ ತಿಳಿಯದ ಮಾತಿಗೆ ನಿಂತು, ತಿಳಿಸಿ, ಮುಂದಕ್ಕೆ ಹೋದಳು. ಇಷ್ಟು ಚೆಂದ ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ. ನನ್ನ ಎದೆ ಉಬ್ಬಿತು. ಆದರೂ ಬಿಡಲಿಲ್ಲ.

ಪಿಂಚಣಿ ಬಂತು. "ಪಗಾರದಾಗ ಬರೀರಿ" ಅಂದೆ.

"ಇದು ಇತರೆ ಖಾನಾ ಅಮ್ಮಾ. ನೀವು ನೌಕರಿ ಮಾಡಿಲ್ಲಲ್ರಿ."

"ಮಾಡಿಲ್ಲ? ಸಾಲಿಗಿ ಸಾಹೇಬ್ರು ಬಂದಾಗೆಲ್ಲ ಅಡಗಿ ಮಾಡಿ ಹಾಕಿದವ್ರು ಯಾರು? ಬರೋ ಮಾಸ್ತರ್‌ಗೆಲ್ಲ ಚಾ ಕಾಸಿದವ್ರು ಯಾರು? ಹೆಡ್ ಮಾಸ್ತರ್ ಧೋತರ ಏನು ಸರಕಾರ ಒಗೀತೇನು? ಬರೀರಿ ಪಗಾರ ಅಂತ!"

ಹುಡುಗ ಹುಡುಗಿಯರು ಗೊಳ್ಳೆಂದು ನಕ್ಕರು. ಸರ್ ನಗಲಿಲ್ಲ, ಸೊಸೆಯನ್ನೇ ನೋಡುತ್ತಿದ್ದರು. ಅವಳ ಗಂಟಲಿಗೆ ಹೂಂ ಬಂದದ್ದು ನನಗೆ ಕಂಡಿತು. ತುಟಿಯವರೆಗೂ ಬಂತು. ಅವಳು ಪೆನ್ನನ್ನು ಮೇಜಿನ ಮೇಲೆ ಇಟ್ಟಳು.

"ಇಲ್ರಿ."

ನಗುತ್ತಿದ್ದವರೆಲ್ಲ ಮುಂದಕ್ಕೆ ಬಾಗಿದರು.

"ಇಲ್ರಿ ಅಮ್ಮಾ. ನೀವು ದುಡದೀರಿ, ಅದಕ್ಕ ಯಾರೂ ಇಲ್ಲ ಅನ್ನಂಗಿಲ್ಲ. ಖರೇ ಅಂದ್ರ ಮಾಸ್ತರ್‌ಕಿಂತ ಹೆಚ್ಚ ದುಡದೀರಿ. ಆದ್ರ ನಿಮಗ ಪಗಾರ ಯಾರ ಕೊಟ್ಟಾರ್ರಿ? ಪಗಾರ ಇಲ್ಲದ ದುಡಿತಕ್ಕ ಈ ಫಾರಮ್ಮಿನ್ಯಾಗ ಖಾನಾನೇ ಇಲ್ರಿ. ಅದಕ್ಕಂತ ನಾ ಸುಳ್ಳ ಖಾನ್ಯಾಗ ಬರದು ನಿಮ್ಮ ಮನಿಗಿ ನೋಟೀಸ್ ತರಸಂಗಿಲ್ಲ."

ನನ್ನ ಕಣ್ಣು ಒದ್ದೆಯಾಯಿತು. ಸೋಲು ಒಪ್ಪುವ ಮೊದಲು ಕೊನೆಯ ಬಾಣ ಬಿಟ್ಟೆ: "ಹಂಗಾದ್ರ ನಾ ಬ್ಯಾರೆ ಕಡೆ ಹೋಗ್ತೀನಿ."

"ಹೋಗ್ರಿ ಅಮ್ಮಾ. ಅಲ್ಲೂ ಖಾನಾ ಇವೇ ಇರ್ತಾವ. ಬಿಸಲಾಗ ಬಂದೀರಿ, ಚಾ ಕುಡದು ಹೋಗ್ರಿ."

ಇಷ್ಟು ಹೇಳಿ ಅವಳು ಪೆನ್ನು ಎತ್ತಿಕೊಂಡು ಕಾದು ಕುಳಿತಳು. ನಾನು "ಇತರೆ ಬರಿಯವ್ವ" ಅಂದೆ. ಬರೆದಳು. ಅಕ್ಷರ ಎಷ್ಟು ದುಂಡಗೆ!

ಸರ್ ಕಿಟಕಿಯ ಹತ್ತಿರ ಹೋಗಿ, ಕುರ್ಚಿಯ ಮೇಲಿನ ಬ್ಯಾಗು ಎತ್ತಿ ನೆಲಕ್ಕೆ ಇಟ್ಟರು. ಜೇಬಿನ ಕರ್ಚೀಫು ತೆಗೆದು ಕುರ್ಚಿಯನ್ನು ಒರೆಸಿದರು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮಾ, ಇಂಥಾ ಗಿರಾಕಿ ದಿನಾ ಒಬ್ಬರು ಬಂದ್ರ ಸಾಕು, ಕಲಿಸೋದು ಅವರೇ ಕಲಿಸ್ತಾರ, ನಾ ಕ್ಲಾಸ್ ಬಂದ್ ಮಾಡ್ತೀನಿ" ಅಂದರು.

ಪೇಢೆಯ ಕಥೆ ಇದು. ಒಂದು ಪೊಟ್ಟಣ ಸರ್‌ಗೆ, ಒಂದು ಬಸ್ ಸ್ಟ್ಯಾಂಡಿಗೆ.

ಈಗ ಅವಳು ಆ ಕುರ್ಚಿಯಲ್ಲೇ ಕುಳಿತುಕೊಳ್ಳುತ್ತಾಳೆ. ಅಂದು "ನೋಡೂಣು" ಅಂದಿದ್ದ ಮಾಸ್ತರರು ಈಗ ಹುಮನಾಬಾದಿನವರೆಗೂ ಹೋಗಿ ಅವಳ ಎದುರು ಸಾಲಿನಲ್ಲಿ ಕೂಡುತ್ತಾರೆ. ಬಂದವರಿಗೆಲ್ಲ ಪರದೆ ತಿರುಗಿಸಿ ತೋರಿಸುತ್ತಾಳಂತೆ. ಮನೆಯಲ್ಲಿ ಇನ್ನೂ ಹೂಂ ಅನ್ನುತ್ತಾಳೆ, ಆದರೆ ಆರಿಸಿ ಅನ್ನುತ್ತಾಳೆ. ಉಪ್ಪಿನ ಬಗ್ಗೆ ಮಾತ್ರ, "ಇಲ್ಲ ಅತ್ತಿ, ಬರೋಬರಿ ಅದ" ಅನ್ನಲು ಶುರುಮಾಡಿದ್ದಾಳೆ. ರುಚಿ ನೋಡಿದರೆ ಬರೋಬರಿಯೇ ಇರುತ್ತದೆ.

ಆ ಶನಿವಾರ ವಾಪಸ್ ಬರುವ ಬಸ್ಸಿನಲ್ಲಿ, ಯಾವಾಗಲೂ ನನಗೆ ಬಿಡುವ ಕಿಟಕಿಯ ಸೀಟಿನಲ್ಲಿ ಅವಳೇ ಕುಳಿತಳು. ಗಾಳಿಗೆ ಕೂದಲು ಹಾರುತ್ತಿತ್ತು, ಸರಿಮಾಡಿಕೊಳ್ಳಲಿಲ್ಲ. ನಾನು ಮೊಣಕೈಯಿಂದ ತಿವಿದೆ. "ಆತು ಬಿಡು, ನನ್ನ ಪಿಂಚಣಿ ಇತರೆ. ನಾ ನಿನಗ ಯಾವ ಖಾನಾ? ಪಗಾರ ಅಲ್ಲ, ಬಾಡಿಗಿ ಅಲ್ಲ, ಧಂಧಾ ಅಲ್ಲ. ನನ್ನೂ ಇತರೆದಾಗೇ ಹಾಕ್ತಿಯೇನು?"

ಅವಳು ತಿರುಗಿ ನೋಡಿದಳು. ನನ್ನನ್ನು ಮೇಲಿಂದ ಕೆಳಗಿನವರೆಗೂ ಅಳೆದಳು.

"ಒಂದು ಖಾನ್ಯಾಗ ಹಿಡಿಯೋ ಪೈಕಿ ಅದೀರೇನ್ರಿ ಅತ್ತಿ ನೀವು? ನಿಮಗ ಅಂತ ಬ್ಯಾರೆ ಫಾರಮ್ಮೇ ಛಾಪಸಬೇಕು!"