ಒದ್ದೆಗಾಲಿನ ಅಳತೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ನೀರಿನಂಚಿನ ತಗಡಿನ ಶೆಡ್ಡಿನಲ್ಲಿ ಗೋಂದಕ್ಕ ಮಂಡಿಯೂರಿ ಕೂತು, ನೀರಿನ ಮೇಲೆ ಓಡುವ ಒಂದು ಜೆಟ್ ಸ್ಕೀ ಗಾಡಿಯ ಹಿಂಭಾಗದಿಂದ ಹಳೆಯ ರಬ್ಬರ್ ಹಾಸನ್ನು ಕೀಳುತ್ತಿದ್ದಾರೆ. ಅಂಟು ಜಪ್ಪಯ್ಯ ಅಂದರೂ ಬಿಡುತ್ತಿಲ್ಲ. "ಹಚ್ಚಿದವಳು ನಾನೇ ಅಲ್ವಾ, ಈಗ ಅನುಭವಿಸ್ಬೇಕು," ಎಂದು ಗೊಣಗುತ್ತಾ ಚಾಕುವಿನ ತುದಿಯನ್ನು ಇನ್ನೊಂದು ಮೂಲೆಗೆ ತೂರಿಸುತ್ತಾರೆ. ಉಗುರಿನ ಸಂದಿಯಲ್ಲಿ ಕಪ್ಪು ಗೋಂದು ಕಾಯಂ ಆಗಿ ಮನೆ ಮಾಡಿದೆ. ಹೆತ್ತವರು ಇಟ್ಟ ಹೆಸರನ್ನು ಆ ಗೋಂದು ಎಂದೋ ನುಂಗಿ ನೀರು ಕುಡಿದಿದೆ.

ಇವರ ಕೈಗೆ ಬರುವ ಗಾಡಿಗಳಿಗೆ ಸೀಟು ಎಂಬುದೇ ಇಲ್ಲ. ಮೂತಿಯಲ್ಲಿ ಎಂಜಿನ್, ಮೇಲೆ-ಕೆಳಗೆ ಆಡುವ ಒಂದು ಹಿಡಿಕೆ, ಹಿಂದೆ ನಿಲ್ಲಲು ಒಂದು ಕಿರಿದಾದ ತಟ್ಟೆ. ಓಡುತ್ತಿದ್ದರೆ ಮಾತ್ರ ಇದರ ಮೇಲೆ ನಿಲ್ಲಬಹುದು. ನಿಲ್ಲಿಸಿದಿರೋ, ಗಾಡಿಯ ಬಾಲ ಮುಳುಗಿ ಸವಾರನೂ ನೀರುಪಾಲು. ಇದರ ಮೇಲೆ ಗಿರಗಿರ ತಿರುಗುವ, ಗಾಡಿಸಮೇತ ಗಾಳಿಯಲ್ಲಿ ಹಿಮ್ಮುಖವಾಗಿ ಲಾಗ ಹಾಕುವ ಹುಚ್ಚರಿದ್ದಾರೆ. ಕಾಲು ಜಾರದಂತೆ ಅವರ ತಟ್ಟೆಗೆ ಹಾಸು ಅಂಟಿಸುವುದು, ಲಾಗ ಹಾಕುವಾಗ ಪಾದ ಸಿಕ್ಕಿಸಿಕೊಳ್ಳಲು ಕಾಲುಪಟ್ಟಿ ಕೂರಿಸುವುದು ಗೋಂದಕ್ಕನ ಕೆಲಸ. ಯಾರಿಗೆ ಯಾವ ಗಾಡಿ ಹೊಂದುತ್ತದೆ ಎಂದು ಹೇಳುವುದೂ ಅವರೇ. ದಿನಕ್ಕೆ ಎರಡು ಮೂರು ತಟ್ಟೆಗಿಂತ ಹೆಚ್ಚು ಮುಟ್ಟುವುದಿಲ್ಲ. ಗೋಂದಿನ ಘಾಟಿಗೆ ಮೂಗು ಎಂದೋ ಕೈಕೊಟ್ಟಿದೆ. "ಮನೇಲಿ ಹಾಲು ಸೀದ್ರೂ ನನಗೆ ಗೊತ್ತಾಗಲ್ಲ. ಪಕ್ಕದ ಮನೆಯವರೇ ಓಡಿ ಬರ್ಬೇಕು," ಎಂದು ನಗುತ್ತಾರೆ. ನಗು ಮುಗಿಯುವ ಮೊದಲೇ ಕೆಮ್ಮು ಬರುತ್ತದೆ.

ಅಷ್ಟರಲ್ಲಿ ಶೆಡ್ಡಿನ ಹಿಂದಿನ ಮನೆಯಿಂದ, ಒಂದು ಕೈಯಲ್ಲಿ ಗೋಡೆ ಸವರುತ್ತಾ ಅವರ ತಮ್ಮ ಬರುತ್ತಾನೆ. ನಡು ವಯಸ್ಸು, ಸಣ್ಣ ಮೈಕಟ್ಟು. ಬಾಗಿಲ ಬಳಿಯ ಮರದ ಪೆಟ್ಟಿಗೆಯ ಮೇಲೆ ಕೂತು, ಸುಧಾರಿಸಿಕೊಂಡು, ದಿನವೂ ಕೇಳುವುದನ್ನೇ ಕೇಳುತ್ತಾನೆ. "ರಿಪೇರಿ ಆಯ್ತೇನಕ್ಕಾ?"

"ಇನ್ನೂ ಸ್ವಲ್ಪ ಇದೆ ಕಣೋ."

ಅವನು ಕೇಳುತ್ತಿರುವುದು ತಲೆಯ ಮೇಲೆ, ಅಡ್ಡತೊಲೆಯಿಂದ ಎರಡು ಹಗ್ಗಗಳಲ್ಲಿ ತೂಗುಬಿದ್ದಿರುವ ಗಾಡಿಯ ವಿಷಯ. ಮೊಂಡುಮೂತಿಯ, ಹಗುರ ಮೈಯ, ಹಳದಿ ಬಣ್ಣದ ಗಾಡಿ. ಇದರ ಮೇಲೆ ಅವನು ತಿರುಗುತ್ತಿದ್ದ ವೇಗ ಕಂಡು ಜನ ಅವನನ್ನು ಬುಗುರಿ ಎಂದು ಕರೆಯುತ್ತಿದ್ದರು. ತಾಯಿ ತೀರಿಕೊಂಡಾಗ ಹಾಲುಹಲ್ಲೂ ಬೀಳದಿದ್ದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು ಗೋಂದಕ್ಕ. ಅವನ ಗಾಡಿ ಆರಿಸಿದವರೂ ಅವರೇ, ಕಾಲುಪಟ್ಟಿ ಕೂರಿಸಿದವರೂ ಅವರೇ. ಇಂದಿಗೂ ಅವರಿಗೆ ನಿದ್ದೆ ಹತ್ತದಂತೆ ಮಾಡಿರುವುದು ಆ ಕಾಲುಪಟ್ಟಿ.

"ಆಗ ಒಂದು ಬೆಳಿಗ್ಗೆ ಇವನನ್ನ ಕೂರಿಸಿ ಅಳತೆ ತೆಗೆದೆ. ಒಣಗಿದ ಕಾಲು, ಮಲಗಿ ಎದ್ದ ಕಾಲು. ಪಟ್ಟಿ ಬಿಗಿಯಾಗಿ ಕೂತ್ಕೊಳ್ತು. ಇಬ್ರಿಗೂ ಖುಷಿಯೋ ಖುಷಿ." ಅವರು ಚಾಕು ಕೆಳಗಿಡುತ್ತಾರೆ. "ದಿನವಿಡೀ ನೀರಲ್ಲಿ ಕುಣಿದ್ರೆ ಕಾಲು ಊದ್ಕೊಳ್ಳುತ್ತೆ, ಶೂ ನೀರು ಕುಡಿಯುತ್ತೆ. ಅದು ನನ್ನ ತಲೆಗೆ ಹೊಳೀಲೇ ಇಲ್ಲ."

ಅವಘಡವಾದ ಸಂಜೆ ಪ್ರದರ್ಶನ ಮುಗಿದಿತ್ತು. ದಡದಲ್ಲಿದ್ದ ಜನ ಇನ್ನೊಂದು, ಇನ್ನೊಂದು ಎಂದು ಕೂಗಿದರು. ಬುಗುರಿ ಮತ್ತೆ ಹೊರಟ. ಸೋತ ಮೈ ಲಾಗವನ್ನು ಅರ್ಧಕ್ಕೇ ಕೈಬಿಟ್ಟಿತು. ಹಾಗೆ ಬೀಳುವಾಗ ಸವಾರ ಗಾಡಿಯನ್ನು ಒದ್ದು ದೂರ ಸರಿಯಬೇಕು. ಅವನ ಒಂದು ಕಾಲು ಪಟ್ಟಿಯಿಂದ ಹೊರಬಂತು, ಇನ್ನೊಂದು ಬರಲಿಲ್ಲ. ಗಾಡಿ ಅವನ ಮೇಲೆಯೇ ಬಿತ್ತು. ಹೆಲ್ಮೆಟ್ ಜೀವ ಉಳಿಸಿತು, ಆದರೆ ಒಳಗಿವಿಗೆ ಬಿದ್ದ ಏಟು ಮೈಯ ಸಮತೋಲವನ್ನೇ ಕಿತ್ತುಕೊಂಡಿತು. ಈಗ ಕಣ್ಣು ಮುಚ್ಚಿದರೂ ಅವನಿಗೆ ನೆಲ ವಾಲುತ್ತದೆ. ನೀರಿಗಿಳಿಯಬಾರದೆಂದು ವೈದ್ಯರು ಕಡ್ಡಿ ಮುರಿದಂತೆ ಹೇಳಿದ್ದಾರೆ. ಒಡೆದ ಗಾಡಿಯನ್ನು ಅಕ್ಕ ಕೂಡಿಸಿ, ನಯ ಮಾಡಿ, ಬಣ್ಣ ಬಳಿದು ವರ್ಷಗಳೇ ಉರುಳಿವೆ. ಆಯಿತು ಎಂದರೆ ತಮ್ಮ ಏರಲು ಹೊರಡುತ್ತಾನೆ. ಆಗುವುದಿಲ್ಲ ಎಂದರೆ ಅವನ ಎದೆ ಒಡೆಯುತ್ತದೆ. ಹಾಗಾಗಿ ಇನ್ನೂ ಸ್ವಲ್ಪ ಇದೆ.

ಅಂದಿನಿಂದ ಈ ಶೆಡ್ಡಿನಲ್ಲಿ ಒಣಗಾಲಿಗೆ ಅಳತೆ ಇಲ್ಲ. ಗಾಡಿ ಬೇಕೆಂದು ಬಂದವರು ಮೊದಲು ನೀರಿಗೆ ಬೀಳಬೇಕು, ಈಜಿ ಈಜಿ ಹೈರಾಣಾಗಬೇಕು. ಎಷ್ಟು ಎತ್ತರ ಹಾರುತ್ತೀರಿ ಎಂದು ಗೋಂದಕ್ಕ ಕೇಳುವುದಿಲ್ಲ. ಬಿದ್ದ ಮೇಲೆ ಹೇಗೆ ಹತ್ತುತ್ತಾರೆ ಎಂಬುದನ್ನು ಸೊಂಟದುದ್ದ ನೀರಿನಲ್ಲಿ ನಿಂತು ನೋಡುತ್ತಾರೆ. ಕೆಲವರು ಬೈದುಕೊಂಡು ಬೇರೆ ಅಂಗಡಿಗೆ ಹೋಗುತ್ತಾರೆ. ಹೋಗಲಿ ಎಂದು ಗೋಂದಕ್ಕ ಬಿಡುತ್ತಾರೆ.

ಇವತ್ತು ಬಂದಿರುವವಳು ಮಕ್ಕಳಿಗೆ ಈಜು ಕಲಿಸುವ ಯುವತಿ. ಬಾಡಿಗೆ ಗಾಡಿಗಳಲ್ಲಿ ನಿಲ್ಲುವುದು, ತಿರುಗುವುದು ಕರಗತವಾಗಿದೆ. ಈಗ ಸ್ವಂತದ್ದು ಕೊಂಡು ಲಾಗ ಕಲಿಯುವ ಆಸೆ. ಬಂದವಳ ಕಣ್ಣು ನೇರವಾಗಿ ತೊಲೆಯ ಮೇಲೆ ಹೋಗುತ್ತದೆ. "ಆ ಹಳದಿ ಗಾಡಿ ಕೊಡ್ತೀರಾ?"

"ಅದು ರಿಪೇರಿ ಮುಗಿದಿಲ್ಲಮ್ಮ."

"ಮುಗಿದಿದೆ," ಎಂದು ಪೆಟ್ಟಿಗೆಯ ಮೇಲಿಂದ ಮಾತು ಬರುತ್ತದೆ. ಗೋಂದಕ್ಕ ತಿರುಗುತ್ತಾರೆ. ತಮ್ಮ ನೆಲ ನೋಡುತ್ತಾ ಒಂದೊಂದೇ ಮಾತನ್ನು ಹುಡುಕಿ ಆಡುತ್ತಾನೆ. "ಬಿರುಕಿದ್ದ ಕಡೆಯೆಲ್ಲ ಕೈ ಆಡಿಸಿ ನೋಡಿದ್ದೀನಿ. ಎಲ್ಲೂ ಒಂದು ಗೀರೂ ಇಲ್ಲ. ಎಷ್ಟೋ ಕಾಲ ಆಯ್ತು."

"ಗೊತ್ತಿದ್ದೂ ದಿನಾ ಯಾಕೋ ಕೇಳ್ತಿದ್ದೆ?"

"ನೀನು ದಿನಾ ಏನೋ ಒಂದು ಹೇಳ್ತಿದ್ದೆಯಲ್ಲ. ನಾನು ಕೇಳ್ದೇ ಇದ್ರೆ ನೀನು ಮುಖ ಊದಿಸ್ಕೊಂಡು ಸುಮ್ನೆ ಕೂತಿರ್ತಿದ್ದೆ. ನನಗೆ ಅದು ನೋಡೋಕಾಗಲ್ಲ."

ಅಕ್ಕ ಕೈಗೆ ಅಂಟಿದ ಗೋಂದನ್ನು ಬಟ್ಟೆಗೆ ಒರೆಸುತ್ತಾರೆ, ಅದು ಹೋಗುವುದಿಲ್ಲವೆಂದು ಗೊತ್ತಿದ್ದೂ ಒರೆಸುತ್ತಲೇ ಇರುತ್ತಾರೆ. ಕಡೆಗೆ ಯುವತಿಗೆ, "ನೀರಿಗಿಳಿ, ನೋಡೋಣ," ಎನ್ನುತ್ತಾರೆ.

ಅವಳು ದೂರದಲ್ಲಿ ನೀರಿನ ಮೇಲೆ ಕಟ್ಟಿಬಿಟ್ಟ ತೇಲುಗುರುತಿನವರೆಗೆ ಈಜಿ ಬರುತ್ತಾಳೆ, ಮತ್ತೆ ಹೋಗುತ್ತಾಳೆ, ಮತ್ತೆ ಬರುತ್ತಾಳೆ. ತುಟಿ ಬಿಳುಚಿದ ಮೇಲೆ ಗೋಂದಕ್ಕ ಮೊದಲು ಒಂದು ಉದ್ದಮೂತಿಯ, ಭಾರದ ಗಾಡಿಯನ್ನು ಕೊಡುತ್ತಾರೆ. ಕಲಿಯುವವರಿಗೆ ಸಾಮಾನ್ಯವಾಗಿ ಇದೇ ವಾಸಿ. ತಪ್ಪು ಮಾಡಿದರೂ ಸಹಿಸಿಕೊಳ್ಳುತ್ತದೆ. ಇದೇ ಸಾಕು ಎಂದು ಹೇಳಿಬಿಡಲು ಅವರು ತುದಿಗಾಲಲ್ಲಿ ನಿಂತಿದ್ದಾರೆ. ಆದರೆ ಹುಡುಗಿ ತೀರಾ ಸಪೂರ. ಎಷ್ಟು ಜಗ್ಗಿದರೂ ಮೂತಿ ಮೇಲೇಳುವುದಿಲ್ಲ. ಪ್ರತಿಸಲವೂ ಸೊಂಟ ಕೊಟ್ಟು ಎತ್ತುತ್ತಿದ್ದಾಳೆ. ಹೀಗೇ ಬಿಟ್ಟರೆ ವರ್ಷ ತುಂಬುವುದರೊಳಗೆ ಬೆನ್ನು ಹೋಗುತ್ತದೆ. ಅದನ್ನು ಕಂಡ ಮೇಲೂ ಕಾಣದಂತೆ ಇರುವುದು ಗೋಂದಕ್ಕನಿಂದ ಸಾಧ್ಯವಾಗುವುದಿಲ್ಲ.

ಹಗ್ಗ ಬಿಚ್ಚುತ್ತಾರೆ. ಹಳದಿ ಗಾಡಿ ಅಷ್ಟು ವರ್ಷಗಳ ಮೇಲೆ ನೀರು ಮುಟ್ಟುತ್ತದೆ. "ಪಟ್ಟಿಗೆ ಕಾಲು ಸಿಕ್ಕಿಸ್ಬೇಡ, ಬರೀ ತಟ್ಟೆ ಮೇಲೆ ನಿಲ್ಲು," ಎಂದು ಎರಡೆರಡು ಸಲ ಹೇಳುತ್ತಾರೆ. ಹೊಸ ಬ್ಯಾಟರಿಯೊಂದಿಗೆ ಎಂಜಿನ್ ಮೊದಲ ಸಲಕ್ಕೇ ಹತ್ತಿಕೊಳ್ಳುತ್ತದೆ. ಆ ಸದ್ದಿಗೆ ತಮ್ಮ ಪೆಟ್ಟಿಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾನೆ. ಯುವತಿ ಬೀಳುತ್ತಾಳೆ, ಹತ್ತುತ್ತಾಳೆ, ಬೀಳುತ್ತಾಳೆ, ಹತ್ತುತ್ತಾಳೆ. ಸುಸ್ತಾದ ಮೈಯಲ್ಲೂ ಗಾಡಿಯ ಮೂತಿ ಅವಳ ಮಾತು ಕೇಳುತ್ತದೆ. ಒಂದು ಪುಟ್ಟ ಅಲೆಗೆ ಅವಳು ಗಾಡಿಸಮೇತ ನೀರು ಬಿಟ್ಟು ಮೇಲೇಳುತ್ತಾಳೆ. ತಮ್ಮನ ಕೆನ್ನೆ ಒದ್ದೆಯಾಗಿದೆ. ಅವನು ಒರೆಸಿಕೊಳ್ಳುವುದಿಲ್ಲ.

"ನಿನಗೆ ಇದೇ ಸರಿ," ಎನ್ನುತ್ತಾರೆ ಗೋಂದಕ್ಕ.

ಒಂದು ಕೆಲಸ ನಿಜಕ್ಕೂ ಬಾಕಿಯಿದೆ. ಇಡೀ ಗಾಡಿಯನ್ನು ಹೊಸದು ಮಾಡಿದವರು ಆ ಕಾಲುಪಟ್ಟಿಗಳನ್ನು ಮಾತ್ರ ಮುಟ್ಟಿರಲಿಲ್ಲ. ಚಾಕು ಹಿಡಿದಾಗಲೆಲ್ಲ ಹಾಗೇ ಕೆಳಗಿಟ್ಟುಬಿಡುತ್ತಿದ್ದರಂತೆ. ಈಗ ಗಾಡಿಯನ್ನು ಶೆಡ್ಡಿಗೆ ಎಳೆದು ತಂದ ಮೇಲೆ ತಮ್ಮ ಪೆಟ್ಟಿಗೆಯಿಂದ ಎದ್ದು, ಗೋಡೆ ಹಿಡಿಯದೆ ಎರಡು ಹೆಜ್ಜೆ ತಡವರಿಸಿ ಬಂದು ಅದರ ಪಕ್ಕ ಕೂರುತ್ತಾನೆ. ಅದರ ಮೈಯನ್ನು ಅಪ್ಪಿ ಅಲುಗದಂತೆ ಹಿಡಿಯುತ್ತಾನೆ. ಅಕ್ಕ ಪಟ್ಟಿಗಳನ್ನು ಕೊಯ್ದು ತೆಗೆಯುತ್ತಾರೆ. ಯುವತಿಯ ನೆನೆದ, ಊದಿದ ಪಾದವನ್ನು ಶೂ ಸಮೇತ ತಟ್ಟೆಯ ಮೇಲೆ ಇರಿಸಿ ಸುತ್ತಲೂ ಗೆರೆ ಎಳೆಯುತ್ತಾರೆ.

"ಸ್ವಲ್ಪ ಸಡಿಲ ಇರ್ಲಿ ಅಕ್ಕ," ಎನ್ನುತ್ತಾನೆ ತಮ್ಮ.

"ಗೊತ್ತು ಕಣೋ," ಎಂದವರು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ. ಗೋಂದಿನ ಘಾಟು ಎಂದು ನೆಪ ಹೇಳುತ್ತಾರೆ.

ಅಂಟು ಹಿಡಿಯಲು ಒಂದು ರಾತ್ರಿ ಬೇಕು. ನಾಳೆ ಯುವತಿ ಬಂದು ಗಾಡಿ ಒಯ್ಯುತ್ತಾಳೆ. ಇನ್ನೇನು ಆಸೆಯಿದೆ ಎಂದು ಕೇಳಿದರೆ ಗೋಂದಕ್ಕ ಮನೆಯತ್ತ ನೋಡುತ್ತಾರೆ. ತಮ್ಮ ಆಗಲೇ ಸುಸ್ತಾಗಿ ಒಳಗೆ ಮಲಗಿದ್ದಾನೆ.

"ನಾಳೆಯಿಂದ ಕೇಳೋಕೆ ಅವನಿಗೆ ಏನೂ ಇಲ್ಲ, ಹೇಳೋಕೆ ನನಗೂ ಏನೂ ಇಲ್ಲ. ಆದ್ರೂ ಅವನು ಬರ್ಬೇಕು. ನಿಧಾನಕ್ಕೆ ಬರ್ಲಿ, ಪರವಾಗಿಲ್ಲ. ಬಂದು, ತಿಂಡಿ ಆಯ್ತೇನಕ್ಕಾ ಅಂತಾನಾದ್ರೂ ಕೇಳ್ಲಿ."