ಗಲಗಲ ಅನ್ನಬೇಕಾದ ಕಾಯಿ

ಹೊಳೆನರಸೀಪುರದ ಕಡ್ಲೆಕಾಯಿ ಮಂಡಿ ಜವರೇಗೌಡರು ರೈತರ ಮೂಟೆ ಬಿಚ್ಚಿಸಿ, ಮೊದಲು ಒಂದು ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ. ಒಣಗಿದ್ದರೆ ಒಳಗಿನ ಬೀಜ ಗಲಗಲ ಅನ್ನಬೇಕು, ಅನ್ನದಿದ್ದರೆ ಹಸಿ, ಹಸಿಯಾದರೆ ನಾಲ್ಕೇ ದಿನಕ್ಕೆ ಬೂಷ್ಟು. ಅವರಪ್ಪ ಕುಕ್ಕೆ ಹೊತ್ತು ಕೊಣನೂರು ಸಂತೆಯಲ್ಲಿ ಮಾರುತ್ತಿದ್ದ ಕಾಲದಿಂದ ಆ ಮನೆಯವರು ನಂಬಿದ್ದು ಈ ಸದ್ದನ್ನೇ. ಮೋಡ ಕಂಡರೆ ಗೌಡರು ಉಣ್ಣುವ ಮುದ್ದೆ ಬಿಟ್ಟು ಓಡಿಬರುತ್ತಾರೆ, ಅರಕಲಗೂಡಿನ ಲಾರಿ ತಡವಾದರೆ, “ಟಾರ್ಪಾಲು ಹೊದ್ಸಿದ್ರೇನ್ಲಾ?” ಅಂತ ಹತ್ತು ಸಲ ಕೇಳುತ್ತಾರೆ. ಐವತ್ತೆಂಟನೇ ಇಸವಿಯಲ್ಲಿ ಮಗ ರಂಗಸ್ವಾಮಿ ಕಾಯಿ ಸುಲಿಯುವ ಮೆಷೀನು ತಂದ, ಆಮೇಲೆ ಹಾಸನದಲ್ಲೂ ಚನ್ನರಾಯಪಟ್ಟಣದಲ್ಲೂ ಗೋಡೌನು ಹಿಡಿದ. “ಇನ್ಯಾಕಪ್ಪ ಅಂಜ್ತೀಯ?” ಅಂದರೆ, “ಕುಕ್ಕೆ ಬೂಷ್ಟಿಡಿದ್ರೆ ಹೊಳೆಗೆ ಸುರೀಬೋದಿತ್ತು ಕಣ್ಲಾ, ಗೋಡೌನ ಎಲ್ಲಿಗೆ ಸುರಿಯಾನ?” ಅನ್ನುತ್ತಾರೆ. ಆ ಮೆಷೀನಿನ ಪಕ್ಕದಲ್ಲೇ ಕೂತೂ ಕೂತೂ ಅವರಿಗೀಗ ಸಣ್ಣ ಸದ್ದು ಕೇಳಿಸುವುದಿಲ್ಲ. ಅದು ಮಗನಿಗೂ ಗೊತ್ತಿಲ್ಲ. ಆದರೂ ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುತ್ತಾರೆ, ರೈತ ಉಸಿರು ಬಿಗಿಹಿಡಿದು ನಿಲ್ಲುತ್ತಾನೆ. ಗೌಡರ ಕಣ್ಣು ಮಾತ್ರ ಮೊರ ಹಿಡಿದು ಕೂತ ಹೆಂಡತಿ ಬೆಟ್ಟಮ್ಮನ ಮೇಲೆ. ಆಕೆ ಅದೇ ಮೂಟೆಯ ಬೀಜವೊಂದನ್ನು ಅಗಿದು, ಕಂಡೂ ಕಾಣದಂತೆ ತಲೆಯಾಡಿಸಿದ ಮೇಲೆ, ಗೌಡರು “ಗಲಗಲ ಅಂತದೆ, ಇಳ್ಸ್ರೋ” ಅನ್ನುತ್ತಾರೆ.